ಟೀ ಹೊತ್ತಿಗೆ ಬಸ್ಸು ಹಿಡಿಯುವವರು

ಪತ್ರ: ‘ನಾನು ಬೇಲೂರು ಕಡೆಯವಳು. ಹಾಸನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಸಕಲೇಶಪುರ ಘಟ್ಟದ ಮಳೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕೆಲಸ. ಲ್ಯಾಬಿನಲ್ಲಿ ಹೆಣ್ಣು ನಾನೊಬ್ಬಳೇ. ಸಂಜೆ ಏಳಕ್ಕೆ ಎಲ್ಲರೂ ಟೀಗೆ ಹೋಗುತ್ತಾರೆ, ನಾನು ನಮ್ಮೂರಿನ ಕೊನೆ ಬಸ್ಸಿಗೆ ಓಡುತ್ತೇನೆ. ಪ್ರೋಗ್ರಾಂ ಬರೆದವಳು ನಾನು, ಪ್ರಬಂಧದಲ್ಲಿ ನನಗೆ ಸಿಕ್ಕಿದ್ದು ಕೃತಜ್ಞತೆಯ ಒಂದು ಸಾಲು. ನಮ್ಮಂಥವರಿಗೆ ಒಂದು ಮಹಿಳಾ ಸಂಘ ಕಟ್ಟಬಹುದೇ?’
– ಒಬ್ಬ ಓದುಗಿ, ಹಾಸನ

ಸಂಪಾದಕರ ಉತ್ತರ: ನಮಸ್ಕಾರ. ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ಟೀ. ಯಾವ ಸಾಫ್ಟ್‌ವೇರ್ ಪ್ಯಾಕೇಜ್ ಕೈಕೊಡುತ್ತದೆ, ಸೂಪರ್‌ಕಂಪ್ಯೂಟರಿನ ಸಮಯ ಕೇಳಿ ಅರ್ಜಿ ಬರೆಯುವುದು ಹೇಗೆ, ಮುಂದಿನ ಪ್ರಬಂಧದಲ್ಲಿ ಯಾರ ಹೆಸರು ಮೊದಲು – ಇವೆಲ್ಲ ಪಾಠದಲ್ಲಿ ಬರುವುದಿಲ್ಲ. ಟೀ ಕುಡಿಯುತ್ತಾ ಕಿವಿಗೆ ಬೀಳುವಂಥವು. ಅವರು ನಿಮ್ಮನ್ನು ಬೇಕಂತಲೇ ದೂರ ಇಟ್ಟಿರಲಿಕ್ಕಿಲ್ಲ. ಆದರೆ ಬಸ್ಸು ಕಾಯುವುದಿಲ್ಲ, ಅಲ್ವಾ?

1987ರಲ್ಲಿ ಅಮೆರಿಕದಲ್ಲಿ ಒಂದು ಕಂಪ್ಯೂಟರ್ ಸಮ್ಮೇಳನ ನಡೆಯಿತು. ಬಂದಿದ್ದ ಹೆಂಗಸರು ಬೆರಳೆಣಿಕೆ. ಅವರಲ್ಲಿ ಕೆಲವರು ಮಾತಿಗೆ ಸಿಕ್ಕಿದ್ದು ಎಲ್ಲಿ ಗೊತ್ತೇ? ಹೆಂಗಸರ ಶೌಚಾಲಯದಲ್ಲಿ! ಅವರಲ್ಲೊಬ್ಬರು, ಕಂಪ್ಯೂಟರ್ ವಿಜ್ಞಾನಿ ಅನಿತಾ ಬೋರ್ಗ್, ಆ ಪರಿಚಯವನ್ನು ಅಲ್ಲಿಗೇ ಬಿಡಲಿಲ್ಲ. ‘ಸಿಸ್ಟರ್ಸ್’ ಎಂಬ ಬಳಗ ಶುರು ಮಾಡಿದರು. ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಟೆಲ್ಲಿ ವಿಟ್ನಿ ಜೊತೆ ಸೇರಿ, ಪ್ರೋಗ್ರಾಂ ಬರೆಯುವ ಕೆಲಸಕ್ಕೆ ದಾರಿ ಹಾಕಿದವರಲ್ಲೊಬ್ಬರಾದ ಗ್ರೇಸ್ ಹಾಪರ್ ಹೆಸರಿನಲ್ಲಿ, ಈ ಕ್ಷೇತ್ರದ ಹೆಂಗಸರಿಗಾಗಿ ದೊಡ್ಡ ಸಮ್ಮೇಳನ ನಡೆಸಿದ್ದು 1994ರಲ್ಲಿ. ಅಂದರೆ, ಏಳು ವರ್ಷ ಬರೀ ಮಾತುಕತೆ.

ಅದಕ್ಕೇ ನಿಮ್ಮ ಸಂಘಕ್ಕೆ ಈಗಲೇ ಹೂಂ ಅನ್ನಲಾರೆ. ಅಧ್ಯಕ್ಷೆ, ಖಜಾಂಚಿ, ಉದ್ಘಾಟನೆ ಎಂದು ಶುರುವಾದರೆ ಅದೇ ಜಾಸ್ತಿಯಾಗುತ್ತದೆ. ನಾವೂ ಒಮ್ಮೆ ಮಹಿಳಾ ದಿನಕ್ಕೆ ನಾಲ್ವರು ಸಂಶೋಧಕಿಯರನ್ನು ಕರೆದು ಶಾಲು ಹೊದಿಸಿದೆವು. ಅವರ ಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಪ್ಪು ನನ್ನದೇ.

ತಿಂಗಳಿಗೊಂದು ಶನಿವಾರ ಸೇರಿ, ಮಧ್ಯಾಹ್ನ ಹನ್ನೆರಡಕ್ಕೆ. ಚಿಕ್ಕಮಗಳೂರಿನವರೂ ಬಂದು ಹೊತ್ತಿರುವಾಗಲೇ ಮನೆ ಸೇರಬಹುದು. ಎಲ್ಲರೂ ಮಳೆಯವರೇ ಆಗಬೇಕಿಲ್ಲ. ಸೇತುವೆಯ ಭಾರ ಲೆಕ್ಕ ಹಾಕುವವರು, ಪ್ರೋಟೀನ್ ಹಿಂದೆ ಬಿದ್ದವರು, ಯಾರಾದರೂ ಸರಿ. ಶರತ್ತು ಒಂದೇ: ಓಡದೆ ನಿಂತಿರುವ ಪ್ರೋಗ್ರಾಂ ತರಬೇಕು.

ಇನ್ನು ಕೃತಜ್ಞತೆಯ ಸಾಲು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಫರ್ಮಿ, ಪಾಸ್ಟಾ, ಉಲಾಮ್ ಎಂಬ ಮೂವರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಮಾಡಿಸಿದ ಒಂದು ಹೆಸರಾಂತ ಲೆಕ್ಕವಿದೆ. ಅದರ ಪ್ರೋಗ್ರಾಂ ಬರೆದವರು ಮೇರಿ ತ್ಸಿಂಗು. 1955ರ ವರದಿ ಬರೆದವರೆಂದು ಆ ಮೂವರ ಹೆಸರು. ಆಕೆಗೆ ಅಡಿಟಿಪ್ಪಣಿಯಲ್ಲಿ ಥ್ಯಾಂಕ್ಸ್. ಲೆಕ್ಕಕ್ಕೆ ಆಕೆಯ ಹೆಸರೂ ಸೇರಲಿ ಎಂದು ಒಬ್ಬ ಫ್ರೆಂಚ್ ವಿಜ್ಞಾನಿ ಬರೆದಿದ್ದು 2008ರಲ್ಲಿ! ನೀವು ಅಷ್ಟು ಕಾಯಬೇಡಿ. ಮುಂದಿನ ಕೆಲಸ ಹಿಡಿಯುವ ಮೊದಲೇ ಹೆಸರಿನ ಮಾತು ಎತ್ತಿ. ಎತ್ತುವುದು ಹೇಗೆ ಎಂದು ಶನಿವಾರ ಬಂದ ಹಿರಿಯರನ್ನು ಕೇಳಿ.

ಜಾಗ ಸಿಗದಿದ್ದರೆ ನಮ್ಮ ಕಚೇರಿಯ ಹಿಂದಿನ ರೂಮಿದೆ. ಪ್ಲಗ್ ಎರಡೇ ಇರುವುದು, ಎಕ್ಸ್‌ಟೆನ್ಶನ್ ಬೋರ್ಡ್ ತನ್ನಿ.