ಪ್ರವಾಸ ಪ್ರಶ್ನೋತ್ತರ: ಇಡೀ ಐರ್ಲೆಂಡ್ ಸುತ್ತಬೇಡಿ, ಗಾಲ್ವೇಯಲ್ಲಿ ಕೂರಿ

ಪ್ರಶ್ನೆ: ಮಗಳು, ಅಳಿಯ ಡಬ್ಲಿನ್‌ನಲ್ಲಿದ್ದಾರೆ. ಮೇ ತಿಂಗಳಲ್ಲಿ ನಾವಿಬ್ಬರೂ ಎಂಟು ದಿನಕ್ಕೆ ಹೋಗುತ್ತಿದ್ದೇವೆ. ಬಾಡಿಗೆ ಕಾರಿನಲ್ಲಿ ಇಡೀ ದೇಶ ಸುತ್ತಿಸುತ್ತೇನೆ ಅನ್ನುತ್ತಾರೆ ಅಳಿಯ. ನಮ್ಮ ಯಜಮಾನರಿಗೆ ಮಂಡಿನೋವು. ಆಗುತ್ತದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಳಿಯಂದಿರು ಬೇಜಾರು ಮಾಡಿಕೊಳ್ಳಬಾರದು, ಆದರೆ ಬೇಡ. ದೇಶ ಕರ್ನಾಟಕದ ಅರ್ಧದಷ್ಟೂ ಇಲ್ಲ, ನಿಜ. ಆದರೆ ಅದರ ಪಶ್ಚಿಮ ಕರಾವಳಿ ಇಲಿ ಕಡಿದ ರೊಟ್ಟಿಯ ಅಂಚಿನ ಹಾಗಿದೆ. ಅದನ್ನು ಹಿಡಿದು ಸಾಗುವ ‘ವೈಲ್ಡ್ ಅಟ್ಲಾಂಟಿಕ್ ವೇ’ ಸುಮಾರು 2,500 ಕಿ.ಮೀ. ಎಂಟು ದಿನದಲ್ಲಿ ನೀವು ಕಾರಿನ ಸೀಟು ಮಾತ್ರ ನೋಡಿ ಬರುತ್ತೀರಿ.

ನಾವೂ ಇದೇ ತಪ್ಪು ಮಾಡಿದ್ದೆವು. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸುವುದು, ಇನ್ನೇನು ಕಷ್ಟ ಅಂದುಕೊಂಡೆವು. ಹಳ್ಳಿ ರಸ್ತೆಗೆ ಇಳಿದ ಮೇಲೆ ಗೊತ್ತಾಯಿತು. ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಒಂದೇ ಗಾಡಿಯಷ್ಟು ಜಾಗ, ರಸ್ತೆಯ ಮಧ್ಯದಲ್ಲೇ ಹುಲ್ಲು. ಎದುರಿಗೆ ಟ್ರ್ಯಾಕ್ಟರ್ ಬಂತು. ನಮ್ಮವರು ಎಡಕ್ಕೆ ಸರಿಸಿದರು, ಆ ಬದಿಯ ಕನ್ನಡಿ ಹೋಯಿತು. ಟ್ರ್ಯಾಕ್ಟರಿನವನು ಮಾತ್ರ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರದಂತೆ ಮಾಡಿ ಹೋದ!

ಹಾಗಾಗಿ ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ರೈಲು ಹಿಡಿದು ಪಶ್ಚಿಮ ಕರಾವಳಿಯ ಗಾಲ್ವೇ ಊರಿಗೆ ಹೋಗಿ. ಎರಡೂವರೆ ತಾಸು. ನಾಲ್ಕು ರಾತ್ರಿ ಅಲ್ಲೇ ಉಳಿಯಿರಿ. ಮೋಹರ್ ಬಂಡೆಗಳಿಗೆ ಅಲ್ಲಿಂದ ಟೂರ್ ಬಸ್ ಇದೆ. ಸಮುದ್ರದಿಂದ 214 ಮೀಟರ್‌ವರೆಗೆ ನೆಟ್ಟಗೆ ಎದ್ದ ಬಂಡೆ. ಮೊದಲ ದಿನ ನಮಗೆ ಕಂಡಿದ್ದು ಮಂಜು, ಕೇಳಿದ್ದು ಹಕ್ಕಿಗಳ ಗಲಾಟೆ, ಅಷ್ಟೇ. ಮರುದಿನ ಮತ್ತೆ ಹೋದೆವು. ಅದಕ್ಕೇ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ ಅನ್ನುವುದು.

ದಾರಿಯಲ್ಲೇ ಬರ್ರೆನ್ ಸಿಗುತ್ತದೆ. ಹಸಿರು ದೇಶದಲ್ಲಿ ಇದ್ದಕ್ಕಿದ್ದಂತೆ ಬೂದು ಸುಣ್ಣಕಲ್ಲಿನ ಬಯಲು. ಮೇ ತಿಂಗಳಲ್ಲಿ ಬಿರುಕುಗಳೊಳಗಿಂದ ಗಾಢ ನೀಲಿ ಜೆನ್ಷಿಯನ್ ಹೂವು ಎದ್ದಿರುತ್ತದೆ. ಯಜಮಾನರು ಕಲ್ಲಿನ ಮೇಲೆ ಅಡ್ಡಾಡುವುದು ಬೇಡ, ಅಂಚಿನಲ್ಲಿ ಕೂತರೂ ಕಾಣುತ್ತದೆ.

ಗಾಲ್ವೇಯಿಂದ ಇನ್ನೂ ಪಶ್ಚಿಮಕ್ಕೆ ಸ್ಪಿಡಲ್ ಕಡೆ ಹೋದರೆ ಐರಿಷ್ ಮಾತಾಡುವ ಸೀಮೆ. ಊರಿನ ಬೋರ್ಡು ಬರೀ ಐರಿಷ್‌ನಲ್ಲಿ. ಬೇರೆಡೆ ಐರಿಷ್ ಮೇಲೆ, ಇಂಗ್ಲಿಷ್ ಕೆಳಗೆ. ನಮ್ಮವರು ಸಮುದ್ರ ಬಿಟ್ಟು ಬೋರ್ಡುಗಳ ಫೋಟೋ ತೆಗೆಯುತ್ತಾ ನಿಂತರು. ಕನ್ನಡದವರಿಗೆ ಈ ಚಪಲ ಜಾಸ್ತಿ, ಅಲ್ವಾ?

ವೀಸಾ ವಿಷಯ ಮರೆಯಬೇಡಿ. ಅಲ್ಲಿ ಯೂರೋ ನಡೆಯುತ್ತದೆ, ಆದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗನ್ ವೀಸಾ ನಡೆಯುವುದಿಲ್ಲ.

ಪ್ರಶ್ನೆ: ಡಬ್ಲಿನ್ ಅಂದರೆ ಪಬ್ ಅನ್ನುತ್ತಾರೆ. ಕುಡಿಯದವರಿಗೆ ಅಲ್ಲೇನಿದೆ?
– ಇನ್ನೊಬ್ಬರು, ಮೈಸೂರು

ಉತ್ತರ: ಪಬ್‌ಗೆ ಹೋಗಿ ಟೀ ಕೇಳಿ, ಯಾರೂ ನಗುವುದಿಲ್ಲ. ಮೂಲೆಯಲ್ಲಿ ಪಿಟೀಲು ಶುರುವಾದರೆ ಏಳಲು ಮನಸ್ಸೇ ಬರುವುದಿಲ್ಲ. ಟೆಂಪಲ್ ಬಾರ್ ಬೀದಿ ಮಾತ್ರ ದುಬಾರಿ, ಸುಮ್ನೆ ಒಮ್ಮೆ ನಡೆದು ಬನ್ನಿ. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಟಿಕೆಟ್ಟೇ ಇಲ್ಲ. ಡಾರ್ಟ್ ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ಹೌತ್ ಬಂದರು.

ಮೈಸೂರಿನವರಾದ್ದರಿಂದ ಫೀನಿಕ್ಸ್ ಪಾರ್ಕಿಗೆ ಹೋಗಲೇಬೇಕು. ಜಿಂಕೆಗಳಿವೆ. ಅಲ್ಲೇ 62 ಮೀಟರ್ ಎತ್ತರದ ವೆಲಿಂಗ್ಟನ್ ಕಂಬವೂ ಇದೆ. ಈ ವೆಲಿಂಗ್ಟನ್ ಬೇರೆ ಯಾರೂ ಅಲ್ಲ, 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ. 1769ರಲ್ಲಿ ಡಬ್ಲಿನ್‌ನಲ್ಲೇ ಹುಟ್ಟಿದವನು. ಕಂಬದ ಬುಡದಲ್ಲಿ ಕಂಚಿನ ಫಲಕಗಳಿವೆ, ಒಂದರಲ್ಲಿ ಇಂಡಿಯಾದ ಯುದ್ಧ. ಮಕ್ಕಳು ಅದರ ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದರು. ನಾನು ಆ ಫಲಕದ ಮುಂದೆ ಬಹಳ ಹೊತ್ತು ನಿಂತಿದ್ದೆ.

ಪ್ರಶ್ನೆ: ಛತ್ರಿ ಒಯ್ಯಬೇಕಾ?
– ಶಿರಸಿಯಿಂದ ಒಬ್ಬರು

ಉತ್ತರ: ಬೇಡ. ನಿಮ್ಮ ಮಳೆ ಮೇಲಿಂದ ಬೀಳುತ್ತದೆ, ಅಲ್ಲಿಯದು ಪಕ್ಕದಿಂದ ಬರುತ್ತದೆ. ನನ್ನ ಛತ್ರಿ ಮೋಹರ್‌ನಲ್ಲಿ ಅಟ್ಲಾಂಟಿಕ್ ಪಾಲಾಯಿತು. ಟೋಪಿ ಇರುವ ಜಾಕೆಟ್ ತೆಗೆದುಕೊಳ್ಳಿ.