ಓದು ಬಿಟ್ಟು ವರ್ಷಗಳಾದ ದೊಡ್ಡವರಿಗೆ ಆದಾಯದ ಗ್ರಾಫ್ ಓದೋದು ಹೇಗೆ ಹೇಳ್ಕೊಡೋದು?

ನಿಮ್ಮ ಕ್ಲಾಸಿಗೆ ಬರೋ ಗಾರ್ಮೆಂಟ್ಸ್ ಹೆಂಗಸರು ಕೂಡೋದು ಕಳೆಯೋದು ಬಾಯಲ್ಲೇ ಮಾಡ್ತಾರೆ, ಆದ್ರೆ ಪೇಪರಲ್ಲಿ ಆದಾಯದ ಗ್ರಾಫ್ ಬಂದ್ರೆ ಪುಟ ತಿರುಗಿಸಿಬಿಡ್ತಾರೆ, ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದೀರಿ. ನಾನು ಬೆಂಗಳೂರಿನ ಲಗ್ಗೆರೆ ಕಡೆ ಭಾನುವಾರ ಸಂಜೆ ಇಂಥವರಿಗೇ ಪಾಠ ಮಾಡ್ತೀನಿ, ಅಲ್ಲಿ ಕಂಡಿದ್ದು ಹೇಳ್ತೀನಿ.

ಎಕ್ಸ್ ಅಕ್ಷ ವೈ ಅಕ್ಷ ಅಂತ ದಯವಿಟ್ಟು ಶುರು ಮಾಡ್ಬೇಡಿ. ನಾನು ಮೊದಲ ವರ್ಷ ಹಾಗೇ ಮಾಡಿದ್ದೆ, ಮುಂದಿನ ವಾರ ಅರ್ಧ ಜನ ಬರ್ಲಿಲ್ಲ. ಹುಣಸೆಬೀಜ ತಗೊಂಡು ಹೋಗಿ. ಒಂದು ಬೀಜ ಅಂದ್ರೆ ಸಾವಿರ ರೂಪಾಯಿ, ಚಾಪೆ ಮೇಲೆ ಎಂಟು ಜನರ ತಿಂಗಳ ಸಂಬಳ ಸಾಲು ಸಾಲಾಗಿ ಜೋಡಿಸೋಕೆ ಹೇಳಿ, 9, 10, 11, 12, 12, 13, 14, 15. ಅವರ ನಿಜವಾದ ಸಂಬಳ ಮಾತ್ರ ಕೇಳ್ಬೇಡಿ, ಎಲ್ಲರ ಮುಂದೆ ಹೇಳೋಕೆ ಮುಜುಗರ ಆಗುತ್ತೆ, ಕೆಲವರು ಮನೇಲೂ ಹೇಳಿರಲ್ಲ. ಆ ಬೀಜದ ಸಾಲೇ ಬಾರ್ ಗ್ರಾಫ್. ಎಲ್ಲ ಒಟ್ಟು ಹಾಕಿ ಸಮವಾಗಿ ಹಂಚಿ ಅನ್ನಿ, ತಲೆಗೆ 12 ಬರುತ್ತೆ. ಈಗ ಒಂಬತ್ತನೆಯವರನ್ನ ಸೇರಿಸಿ, ಮಾಲೀಕರು ಅನ್ಕೊಳ್ಳಿ, 120 ಬೀಜ, ಚಾಪೆಯ ಈ ತುದಿಯಿಂದ ಆ ತುದಿ ತನಕ ಹೋಗುತ್ತೆ. ಮತ್ತೆ ಹಂಚಿದ್ರೆ ತಲೆಗೆ 24! ಯಾರ ಸಂಬಳಾನೂ ಒಂದು ಪೈಸೆ ಏರಿಲ್ಲ, ಸರಾಸರಿ ಡಬಲ್ ಆಗೋಯ್ತು. ಆದ್ರೆ ಸಾಲಲ್ಲಿ ನಟ್ಟನಡುವೆ ಇರೋ ಐದನೆಯವರದ್ದು ಇನ್ನೂ 12 ತಾನೇ. ಮಧ್ಯಾಂಕ ಅನ್ನೋ ಪದ ಇಷ್ಟೆಲ್ಲ ಆದ್ಮೇಲೆ ಹೇಳಿ ಸಾಕು.

ಇದಕ್ಕೆ ಯಾಕಿಷ್ಟು ಒತ್ತು ಕೊಡ್ತೀನಿ ಅಂದ್ರೆ, ಒಂದ್ಸಲ ಜಿಲ್ಲಾವಾರು ತಲಾ ಆದಾಯದ ಗ್ರಾಫ್ ತೋರಿಸಿದ್ದೆ. ಬೆಂಗಳೂರು ನಗರ ಜಿಲ್ಲೆದು ಎಲ್ಲಕ್ಕಿಂತ ಎತ್ತರ, ಕಲಬುರಗಿದು ಎಲ್ಲಕ್ಕಿಂತ ಕುಳ್ಳು. ಕಲಬುರಗಿ ಕಡೆಯ ಅಕ್ಕ ಒಬ್ಬರು ಅದನ್ನೇ ನೋಡ್ತಾ ಕೂತು, "ಇಲ್ಲಿ ಬಂದ್ರೂ ನಮಗ ಇಷ್ಟು ಬರವಲ್ದು, ನಮ್ಮ ದುಡಿಮ್ಯಾಗೇ ಏನೋ ಕಮ್ಮಿ ಅದ ಅನಸ್ತದ್ರಿ ಮೇಡಂ" ಅಂದ್ರು. ನನಗೆ ಹೊಟ್ಟೆ ಚುರ್ ಅಂತು. ತಲಾ ಆದಾಯ ಯಾರ ಸಂಬಳಾನೂ ಅಲ್ಲ, ಜಿಲ್ಲೆಯ ಒಟ್ಟು ಆದಾಯಾನ, ಅದರಲ್ಲಿ ಕಂಪನಿಗಳ ಲಾಭಾನೂ ಸೇರಿರುತ್ತೆ, ತೊಟ್ಟಿಲಲ್ಲಿರೋ ಮಗೂನೂ ಎಣಿಸಿ ಭಾಗಿಸಿದ್ದು. ಇದನ್ನ ಗ್ರಾಫ್ ತೋರಿಸೋಕೆ ಮುಂಚೆ ಹೇಳ್ಬೇಕಿತ್ತು.

ಬೆಲೆ ಏರಿಕೆ ಅವರಿಗೆ ನೀವು ಹೇಳ್ಕೊಡೋದೇನೂ ಬೇಡ, ಗ್ರಾಫಲ್ಲಿ ಅದೆಲ್ಲಿದೆ ಅಂತ ತೋರಿಸಿ ಅಷ್ಟೆ. ದೇಶದ ತಲಾ ಆದಾಯ 2014-15ರಲ್ಲಿ 86,647 ಇದ್ದಿದ್ದು 2022-23ಕ್ಕೆ 1,72,000 ಆಯ್ತು ಅಂತ ಆಗ ಲೆಕ್ಕ ಬಂದಿತ್ತು, ಅಂದ್ರೆ ಹತ್ರ ಹತ್ರ ಎರಡರಷ್ಟು. ಬೆಲೆ ಏರಿಕೆ ಕಳೆದ್ರೆ ಅದೇ ಲೆಕ್ಕ 72,805ರಿಂದ 98,118, ಶೇಕಡಾ 35 ಅಷ್ಟೆ. ಎರಡು ಗೆರೇನೂ ಒಂದೇ ಹಾಳೇಲಿ ಎಳೆಸಿ, ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕ ಸಾಕು.

ಹಾಗೇ ಬಾರ್ ಸೊನ್ನೆಯಿಂದ ಶುರುವಾಗಿದ್ಯಾ ನೋಡೋ ಅಭ್ಯಾಸ ಮಾಡಿಸಿ. 12 ಮತ್ತೆ 13ರ ಬಾರ್‌ನ 11ರಿಂದ ಶುರು ಮಾಡಿದ್ರೆ ಒಂದು ಇನ್ನೊಂದರ ಎರಡರಷ್ಟು ಕಾಣುತ್ತೆ, ಅವರ ಕೈಲೇ ಒಂದ್ಸಲ ಬರೆಸಿದ್ರೆ ಮರೆಯಲ್ಲ.

ಇನ್ನೊಂದು, ಆದಾಯ ಅಂತ ಮಾತಾಡೋ ಎಷ್ಟೋ ಗ್ರಾಫ್ ನಿಜವಾಗಿ ಖರ್ಚಿನ ಸರ್ವೆದು. 2022-23ರ ಮನೆ ಖರ್ಚಿನ ಸರ್ವೆ ಪ್ರಕಾರ ದೇಶದ ನಗರಗಳಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 6,459, ತೀರಾ ಕೆಳಗಿನ ಶೇಕಡಾ 5 ಜನರದ್ದು 2,001, ತೀರಾ ಮೇಲಿನ ಶೇಕಡಾ 5ರದ್ದು 20,824. ಇದನ್ನ ಬೋರ್ಡ್ ಮೇಲೆ ಬರೆದು, ನಾಲ್ಕು ಜನರ ಮನೆಗೆ ಗುಣಿಸಿ ಅಂದೆ. ಉಳಿದವರು ಗುಣಿಸ್ತಿದ್ರು, ಆ ಕಲಬುರಗಿ ಅಕ್ಕ ಮಾತ್ರ ಪೆನ್ನು ಕೆಳಗಿಟ್ಟು ಕೇಳಿದ್ರು, "ಮೇಡಂ, 6,459 ಸರಾಸರಿ ಆಯ್ತು, ನಡುವಿನವ್ರದ್ದು ಎಷ್ಟ್ರೀ?"