ಸ್ಪಿಂಡಲ್ ನಾವೇ ಮಾಡಿಸಬಹುದಾ?

ಪ್ರಶ್ನೆ: ನನ್ನ ಹತ್ತಿರ 1969ರ ಶೆವ್ರೊಲೆ ಕ್ಯಾಮರೋ ಕಾರಿದೆ. ಅಗಲದ ರೇಡಿಯಲ್ ಟೈರ್ ಹಾಕಿಸಿದ್ದೇನೆ. ಆದರೂ ವೇಗವಾಗಿ ತಿರುಗಿಸಿದರೆ ಮುಂಭಾಗ ಹೊರಗೆ ಜಾರುತ್ತದೆ, ಮುಂದಿನ ಟೈರ್‌ಗಳ ಹೊರ ಅಂಚು ಬೇಗ ಸವೆಯುತ್ತದೆ. ಎತ್ತರದ ಸ್ಪಿಂಡಲ್ (ಮುಂದಿನ ಚಕ್ರವನ್ನು ಸಸ್ಪೆನ್ಷನ್‌ಗೆ ಹಿಡಿದಿಡುವ ಉಕ್ಕಿನ ಭಾಗ) ಹಾಕು ಅಂತಾರೆ. ನಾನೇ ವಿನ್ಯಾಸ ಮಾಡಿ ಮಾಡಿಸೋಣ ಅಂತಿದ್ದೇನೆ. ಎಷ್ಟು ಎತ್ತರ ಬೇಕು? ಹಳೇ ಸ್ಪಿಂಡಲನ್ನೇ ಕತ್ತರಿಸಿ ವೆಲ್ಡ್ ಮಾಡಿದರೆ ಆಗುತ್ತಾ?

ಉತ್ತರ: ವೆಲ್ಡಿಂಗ್ ಮಾತ್ರ ಬೇಡ. ಹಳೇ ಸ್ಪಿಂಡಲ್ ಫೋರ್ಜ್ ಮಾಡಿ ಹದ ಕೊಟ್ಟ ಉಕ್ಕು. ವೆಲ್ಡಿಂಗ್ ಶಾಖಕ್ಕೆ ಆ ಹದ ಕೆಡುತ್ತದೆ, ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು ಶುರುವಾಗಬಹುದು. ಹೊರಗಿನಿಂದ ನೋಡಿದರೆ ಏನೂ ಕಾಣಿಸುವುದಿಲ್ಲ. ಅದು ಮುರಿದರೆ ಚಕ್ರವೇ ಕಳಚಿ ಹೋಗುತ್ತದೆ.

ಇನ್ನು ಎತ್ತರದ ವಿಷಯ. ನಿಮಗೆ ಹೇಳಿದವರು ಸರಿಯಾಗೇ ಹೇಳಿದ್ದಾರೆ. ಆ ಕಾಲದಲ್ಲಿ ಕಾರು ರೂಪಿಸಿದ್ದು ಬಯಾಸ್ ಪ್ಲೈ ಅನ್ನುವ ಹಳೇ ಬಗೆಯ ಟೈರ್‌ಗೆ, ನಿಮ್ಮ ಅಗಲದ ರೇಡಿಯಲ್‌ಗೆ ಅಲ್ಲ. ಸ್ಪಿಂಡಲ್‌ನ ಮೇಲ್ತುದಿ, ಕೆಳತುದಿಗಳನ್ನು ಕಾರಿನ ಚೌಕಟ್ಟಿಗೆ ಸೇರಿಸುವ ತೋಳುಗಳೇ ಆರ್ಮ್‌ಗಳು, ಅವು ಸ್ಪಿಂಡಲ್‌ಗೆ ಸೇರುವ ಕೀಲು ಬಾಲ್ ಜಾಯಿಂಟ್. ಕ್ಯಾಮರೋದಲ್ಲಿ ಅಪ್ಪರ್ ಆರ್ಮ್, ಅಂದರೆ ಮೇಲಿನ ತೋಳು, ಹೊರಗಡೆಗೆ ಇಳಿಜಾರಾಗಿರುತ್ತದೆ. ತಿರುವಿನಲ್ಲಿ ಕಾರು ವಾಲಿ ಹೊರಗಿನ ಚಕ್ರ ಮೇಲೆದ್ದಾಗ ಮೇಲಿನ ಬಾಲ್ ಜಾಯಿಂಟ್ ಹೊರಕ್ಕೆ ಸರಿಯುತ್ತದೆ, ಚಕ್ರದ ತಲೆಯೂ ಹೊರಕ್ಕೆ ವಾಲುತ್ತದೆ, ಟೈರ್ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ನಿಮ್ಮ ಟೈರ್ ಸವೆಯುವುದು ಅದಕ್ಕೇ. ಎತ್ತರದ ಸ್ಪಿಂಡಲ್ ಹಾಕಿ ಮೇಲಿನ ಬಾಲ್ ಜಾಯಿಂಟನ್ನು ಎತ್ತರಿಸಿದರೆ ಆರ್ಮ್‌ನ ಇಳಿಜಾರು ತಿರುಗುಮುರುಗಾಗಿ ಚಕ್ರದ ತಲೆ ಒಳಕ್ಕೆ ಬರುತ್ತದೆ. ಕ್ಯಾಮರೋಗೆ ಅಮೆರಿಕದ ರೇಸ್ ಚಾಲಕ ಡಿಕ್ ಗುಲ್ಡ್‌ಸ್ಟ್ರಾಂಡ್ ಹೆಸರಿನ ಮಾರ್ಪಾಡು ಇದೆಯಲ್ಲ, ಅದರಲ್ಲಿ ಇದೇ ಫಲಕ್ಕಾಗಿ ಆರ್ಮ್‌ನ ಒಳಗಿನ ತುದಿಯನ್ನು ಕೆಳಗಿಳಿಸುತ್ತಾರೆ. ಫೋರ್ಡ್ ಮಸ್ಟಾಂಗ್‌ಗೆ ಮಾಡುವ ಶೆಲ್ಬಿ ಡ್ರಾಪ್ ಕೂಡ ಅದೇ ಉಪಾಯ, ಸುಮಾರು 1 ಇಂಚು ಇಳಿಸುವುದು.

ಎಷ್ಟು ಅಂತ ಸುಮ್ನೆ ಒಂದು ಸಂಖ್ಯೆ ಹೇಳಿದರೆ ನಿಮಗೆ ಉಪಯೋಗವಿಲ್ಲ. ಸ್ಪ್ರಿಂಗ್ ತೆಗೆದು, ಕಾರನ್ನು ಸವಾರಿ ಎತ್ತರದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆರ್ಮ್‌ಗಳ ಒಳಗಿನ ತಿರುಗುಬಿಂದು ಮತ್ತು ಎರಡೂ ಬಾಲ್ ಜಾಯಿಂಟ್‌ಗಳ ಮಧ್ಯಬಿಂದು ಅಳೆದು ಬರೆದುಕೊಳ್ಳಿ. ಅದನ್ನು ಕಾಗದದ ಮೇಲೋ ಕಂಪ್ಯೂಟರ್‌ನಲ್ಲೋ ಇಟ್ಟು ಚಕ್ರವನ್ನು ಮೇಲೆ ಕೆಳಗೆ ಆಡಿಸಿ ನೋಡಿ. ರಸ್ತೆಯ ಕಾರಿಗೆ ಚಕ್ರ 25 ಮಿಮೀ ಮೇಲೆದ್ದಾಗ ಅರ್ಧದಿಂದ ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲುವುದು) ಬಂದರೆ ನನ್ನ ಪ್ರಕಾರ ಸಾಕು. ಜಾಸ್ತಿ ಎತ್ತರ ಮಾಡಿದರೆ ಬ್ರೇಕ್ ಹಿಡಿದು ಮೂತಿ ಕುಸಿದಾಗ ಟೈರ್ ಒಳ ಅಂಚಿನ ಮೇಲೆ ನಿಲ್ಲುತ್ತದೆ. ಅಪ್ಪರ್ ಆರ್ಮ್ ಕೂಡ ಸ್ವಲ್ಪ ಗಿಡ್ಡದು ಬೇಕಾಗಬಹುದು, ಅದನ್ನು ಮೊದಲೇ ಲೆಕ್ಕಕ್ಕೆ ತಗೊಳ್ಳಿ.

ಎಲ್ಲರೂ ಮರೆಯುವುದು ಸ್ಟಿಯರಿಂಗ್ ಆರ್ಮ್, ಅಂದರೆ ಚಕ್ರ ತಿರುಗಿಸಲು ಟೈ ರಾಡ್ ಅನ್ನುವ ಸರಳು ಎಳೆಯುವ ಸ್ಪಿಂಡಲ್‌ನ ತೋಳು. ಟೈ ರಾಡ್‌ನ ತುದಿ ಎಷ್ಟು ಎತ್ತರದಲ್ಲಿ ಕೂರುತ್ತದೆ ಅನ್ನುವುದರ ಮೇಲೆ ಬಂಪ್ ಸ್ಟಿಯರ್ (ಚಕ್ರ ಮೇಲೆ ಕೆಳಗೆ ಆಡಿದಾಗ ತಾನಾಗೇ ಪಕ್ಕಕ್ಕೆ ತಿರುಗುವುದು) ನಿಂತಿದೆ. ಬೇರೆ ಮಾದರಿಯ ಎತ್ತರದ ಸ್ಪಿಂಡಲ್ ತಂದು ಹಾಕಿದವರ ಕಾರು ಗುಂಡಿ ಸಿಕ್ಕಾಗಲೆಲ್ಲ ಪಕ್ಕಕ್ಕೆ ಎಳೆಯುವುದು ಇದರಿಂದಲೇ. ನೀವೇ ಹೊಸದಾಗಿ ವಿನ್ಯಾಸ ಮಾಡುವುದರ ನಿಜವಾದ ಲಾಭ ಇಲ್ಲೇ ಇರುವುದು, ಸ್ಟಿಯರಿಂಗ್ ಆರ್ಮನ್ನು ಬೋಲ್ಟ್ ಮಾಡುವ ಹಾಗೆ ಇಟ್ಟು, ನಡುವೆ ಶಿಮ್ (ತೆಳು ಲೋಹದ ಹಾಳೆ) ಹಾಕಿ, ಸರಿಯಾದ ಎತ್ತರ ಸಿಗುವ ತನಕ ಹೊಂದಿಸಬಹುದು.

ಈಗ ಪಿನ್, ಅಂದರೆ ಚಕ್ರ ಕೂರುವ ಸ್ಪಿಂಡಲ್‌ನ ದಂಡ. ಒಂದು ಉದಾಹರಣೆ ನೋಡಿ. ಜೋರಾದ ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ 650 ಕೆಜಿ ಬಿತ್ತು, ಅಷ್ಟೇ ಪಕ್ಕದ ಬಲವೂ ಬಂತು ಅಂದುಕೊಳ್ಳಿ. ಟೈರ್‌ನ ತ್ರಿಜ್ಯ 0.33 ಮೀಟರ್ ಆದರೆ ಪಿನ್ನಿನ ಬುಡವನ್ನು ಬಗ್ಗಿಸುವ ಮೊಮೆಂಟ್ (ಬಲ × ದೂರ) ಸುಮಾರು 2,100 ನ್ಯೂಟನ್ ಮೀಟರ್. 32 ಮಿಮೀ ದಪ್ಪದ ಪಿನ್‌ನಲ್ಲಿ ಅದು ಸುಮಾರು 650 ಮೆಗಾಪಾಸ್ಕಲ್ ಒತ್ತಡ. ಅದೇ 35 ಮಿಮೀ ಮಾಡಿದರೆ 500ಕ್ಕೆ ಇಳಿಯುತ್ತದೆ! ಮೂರೇ ಮಿಲಿಮೀಟರ್‌ಗೆ ಇಷ್ಟು ವ್ಯತ್ಯಾಸ. ಗುಂಡಿಯ ಹೊಡೆತ, ಬ್ರೇಕ್‌ನ ಎಳೆತ ಇದರಲ್ಲಿ ಸೇರಿಲ್ಲ. ಪಿನ್ ಬುಡದಲ್ಲಿ ಚೂಪಾದ ಮೂಲೆ ಬಿಟ್ಟರಂತೂ ಎಷ್ಟು ಒಳ್ಳೇ ಉಕ್ಕಾದರೂ ಅಲ್ಲಿಂದಲೇ ಬಿರುಕು ಬಿಡುತ್ತದೆ. ಆ ಮೂಲೆ ದುಂಡಗೆ, ನುಣುಪಾಗಿ ಇರಲೇಬೇಕು.

ಅದಕ್ಕೇ ಪಿನ್ ನೀವು ಮಾಡಿಸಲೇಬೇಡಿ ಅನ್ನುತ್ತೇನೆ. ಕಾರ್ವೆಟ್ ಸಿ5, ಸಿ6ಗಳ ಮುಂದಿನ ಹಬ್ (ಚಕ್ರವನ್ನು ಬೋಲ್ಟ್ ಮಾಡುವ ನಡುಗುಂಬ) ಬೇರಿಂಗ್ ಸಮೇತ ಒಂದೇ ತುಂಡಾಗಿ ಸಿಗುತ್ತದೆ, ಮೂರು ಬೋಲ್ಟ್‌ನಲ್ಲಿ ಕೂರುತ್ತದೆ. ಅದನ್ನು ಹಿಡಿಯುವ ನಡುಭಾಗವನ್ನು ಮಾತ್ರ ನೀವು ವಿನ್ಯಾಸ ಮಾಡಿ, 4140 ಅನ್ನುವ ಗಟ್ಟಿ ಮಿಶ್ರಲೋಹದ ಉಕ್ಕಿನಲ್ಲಿ ಮಷಿನ್ ಮಾಡಿಸಿ. ಬಾಲ್ ಜಾಯಿಂಟ್ ರಂಧ್ರದ ಟೇಪರ್ (ಕಿರಿದಾಗುತ್ತ ಹೋಗುವ ಪ್ರಮಾಣ) ಒಂದು ಅಡಿ ಉದ್ದಕ್ಕೆ 1.5 ಇಂಚಾ, 2 ಇಂಚಾ ಅಂತ ಅಳೆದೇ ಕೊರೆಸಿ. ಹಾಕುವ ಮುಂಚೆ ಕಣ್ಣಿಗೆ ಕಾಣದ ಬಿರುಕು ತೋರಿಸುವ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಆಗಲಿ.

ಪ್ರಶ್ನೆ: ಕಾರನ್ನು ತಗ್ಗಿಸುವ 2 ಇಂಚಿನ ಡ್ರಾಪ್ ಸ್ಪಿಂಡಲ್ ಹಾಕಿದರೂ ಹಿಡಿತ ಹೆಚ್ಚುತ್ತದೆ ಅಲ್ವಾ?

ಉತ್ತರ: ಕಾರು ತಗ್ಗಿದ್ದರಿಂದ ಸ್ವಲ್ಪ ಹೆಚ್ಚುತ್ತದೆ, ಅಷ್ಟೇ. ಪಿನ್ 2 ಇಂಚು ಮೇಲೆ ಹೋಗಿದೆ, ಬಾಲ್ ಜಾಯಿಂಟ್‌ಗಳ ಅಂತರ ಹಾಗೇ ಇದೆ. ಆರ್ಮ್‌ಗಳ ಕೋನ ಬದಲಾಗಿಲ್ಲ, ಕ್ಯಾಂಬರ್ ಹಳೇ ದಾರಿಯಲ್ಲೇ ಹೋಗುತ್ತದೆ. ಹಾಕುವುದಾದರೆ ಟೈ ರಾಡ್ ತುದಿ ರಿಮ್‌ಗೆ ತಾಗುತ್ತದಾ ಅಂತ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿಕೊಳ್ಳಿ.